ಕಸ್ಟರನ ಮರಣಗೀತೆಗಳೂ ಲಿಟ್ಲ್ ಬಿಗ್‌ಹಾರ್ನಿನ ಮೃತರೂ

೧೮೭೬ನೆಯ ಇಸವಿ ಜುಲೈ ೧೦ನೆಯ ದಿನ ನ್ಯೂಯಾರ್ಕಿನ 'ಟ್ರಿಬ್ಯೂನ್' ಪತ್ರಿಕೆಯಲ್ಲಿ ವಾಲ್ಟ್ ವಿಟ್ಮನ್ ಕವಿಯ ಕವಿತೆಯೊಂದು ಅಚ್ಚಾಯಿತು. ಅದಕ್ಕೆ ಅವನು ಆಗ ಇಟ್ಟಿದ್ದ ಹೆಸರು 'ಕಸ್ಟರನಿಗೊಂದು ಮರಣ-ಸುನೀತ' ಎಂಬುದು. ಹೆಸರು ಸುನೀತವೆಂದಿದ್ದರೂ ಹದಿನಾಲ್ಕು ಪಂಕ್ತಿಗಳ ಕಟ್ಟಾಗಲಿ ಪ್ರಾಸವಾಗಲಿ ಅದರಲ್ಲಿಲ್ಲ. ವಿಟ್ಮನ್ನನ ಎಂದಿನ ಮುಕ್ತಛಂದಸ್ಸೇ ಅಲ್ಲಿಯೂ ಹರಿಯುತ್ತದೆ. ಮುಂದೆ 'ಲೀವ್ಸ್ ಆಫ್ ಗ್ರಾಸ್' ಸಂಗ್ರಹದಲ್ಲಿ ಅದಕ್ಕೆ ದೂರದ ಡಕೋಟ ಸೀಮೆಯ ಕಮರಿಗಳನ್ನು ಸೂಚಿಸುವ ಬೇರೆ ಹೆಸರು ಬಂದಿತು. ಯುದ್ಧ ನಡೆದದ್ದಾದರೋ ಡಕೋಟದಲ್ಲಲ್ಲ, ಮೊಂಟಾನ ಪ್ರಾಂತದಲ್ಲಿ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆದರೆ ದೂರದಿಂದ ನೋಡಿದ ಕಣ್ಣಿನ ಗುರುತು ಅದರಲ್ಲಿದೆ. ಆ ದೂರವು ಕವಿತೆಯ ಒಳಗೆ ಏನೇನು ಮಾಡಿದೆಯೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಡೆದ ಸಂಗತಿಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ೧೮೬೮ರ ಲಾರಮಿ ಕೋಟೆಯ ಒಪ್ಪಂದದಂತೆ ಕಪ್ಪುಬೆಟ್ಟಗಳ ಸೀಮೆಯು ಲಕೋಟ ಜನರಿಗೆ ಬಿಟ್ಟದ್ದಾಗಿತ್ತು. ೧೮೭೪ರಲ್ಲಿ ಕಸ್ಟರನ ನಾಯಕತ್ವದಲ್ಲಿಯೇ ಹೋದ ದಂಡು ಅಲ್ಲಿ ಚಿನ್ನವಿದೆಯೆಂದು ಸಾರಿತು; ಅಗೆಯುವವರು ನುಗ್ಗಿದರು; ಒಪ್ಪಂದವು ಕಾಗದದಲ್ಲುಳಿಯಿತು. ೧೮೭೬ರ ಜೂನ್ ೨೫ರಂದು ಕಸ್ಟರನು ಏಳನೆಯ ಅಶ್ವದಳವನ್ನು ಒಡೆದು, ಲಿಟ್ಲ್ ಬಿಗ್‌ಹಾರ್ನ್ ನದಿಯ ದಡದಲ್ಲಿದ್ದ ಲಕೋಟ ಮತ್ತು ಷಾಯೆನ್ ಜನರ ದೊಡ್ಡ ಬೀಡಿನ ಮೇಲೆ ಬಿದ್ದನು. ಅವನೊಡನೆ ಹೋದ ಸುಮಾರು ೨೧೦ ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಅವನ ತಮ್ಮಂದಿರಿಬ್ಬರು, ಭಾವಮೈದುನನೊಬ್ಬ, ಸೋದರಳಿಯನೊಬ್ಬ ಅದೇ ದಿನ ಸತ್ತರು. ದೂರದ ದಿಬ್ಬದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ರೀನೋವಿನ ತುಕಡಿಯು ಮಾತ್ರ, ೨೭ರಂದು ಟೆರಿ ಮತ್ತು ಗಿಬ್ಬನ್ನರ ಸೇನೆ ಬಂದುದರಿಂದ ಬದುಕಿಕೊಂಡಿತು.

ಸತ್ತವರನ್ನು ಹೂಳಿದ್ದು ೨೮ರಂದು. ಜೂನ್ ತಿಂಗಳ ಬಿಸಿಲಿನಲ್ಲಿ ಮೂರು ದಿನ ಬಿದ್ದಿದ್ದ, ಬಟ್ಟೆ ಸುಲಿದ ದೇಹಗಳವು. ಲೆಫ್ಟೆನೆಂಟ್ ಗಾಡ್‌ಫ್ರಿ ಎಂಬುವನು ೧೮೯೨ರ 'ಸೆಂಚುರಿ' ಮಾಸಪತ್ರಿಕೆಯಲ್ಲಿ ಬರೆದಿರುವಂತೆ, ದೂರದಿಂದ ಅವು ಇಳಿಜಾರಿನಲ್ಲಿ ಚದುರಿದ ಬಿಳಿಯ ಬಂಡೆಗಳಂತೆ ಕಂಡುವಂತೆ. ಸಲಿಕೆಗಳು ಬೆರಳೆಣಿಕೆಯಷ್ಟು, ನೆಲ ಗಟ್ಟಿ, ಗಾಯಾಳುಗಳನ್ನು 'ಫಾರ್ ವೆಸ್ಟ್' ಎಂಬ ಹಬೆದೋಣಿಗೆ ಸಾಗಿಸುವ ಅವಸರ ಬೇರೆ. ಹೀಗಾಗಿ ದೇಹವಿದ್ದ ಸ್ಥಳದಲ್ಲಿಯೇ ನಾಲ್ಕಾರು ಹಿಡಿ ಮಣ್ಣು, ಅದರ ಮೇಲೆ ಕುರುಚಲು ಗಿಡದ ರೆಂಬೆ: ಬಹುಮಂದಿ ಸಿಪಾಯಿಗಳಿಗೆ ದೊರೆತ ಸಮಾಧಿ ಇಷ್ಟೇ. ಅಧಿಕಾರಿಗಳ ಗುರುತಿಗೆ ಮಾತ್ರ ಒಂದು ಉಪಾಯ ಮಾಡಿದರು. ಹೆಸರನ್ನು ಕಾಗದದ ಚೂರಿನಲ್ಲಿ ಬರೆದು, ಅದನ್ನು ಸುರುಳಿ ಸುತ್ತಿ, ಹಾರಿಸಿದ ತೋಟಾದ ಖಾಲಿ ಕೊಳವೆಯೊಳಗೆ ತುರುಕಿ, ಕೊಳವೆಯನ್ನು ಗೂಟದ ತಲೆಗೆ ಬಡಿದು ನೆಟ್ಟರು. ಸಾಮಾನ್ಯ ಸಿಪಾಯಿಗೆ ಗೂಟವೂ ಇಲ್ಲ, ಹೆಸರೂ ಇಲ್ಲ.

ಈಗ ಕವಿತೆಗೆ ಬರೋಣ. ಪೂರ್ವತೀರದ ಪತ್ರಿಕೆಗಳಲ್ಲಿ ಸುದ್ದಿ ಹಬ್ಬಿದ್ದು ಜುಲೈ ೬ರ ಸುಮಾರಿಗೆ. ದೇಶವು ತನ್ನ ಸ್ವಾತಂತ್ರ್ಯದ ನೂರನೆಯ ವರ್ಷದ ಉತ್ಸವದಲ್ಲಿದ್ದಿತು. ವಿಟ್ಮನ್ನನು ನಾಲ್ಕೈದು ದಿನಗಳೊಳಗೆ ಬರೆದು ಮುಗಿಸಿರಬೇಕು. ಅವನ ಕವಿತೆಯಲ್ಲಿ ಕಾಡು ಕಂದರ, ಮೌನ, ಕಪ್ಪುಮೈಯ ಸೂ ಜನರ ಹೊಂಚು, ಕೊಂದ ಕುದುರೆಗಳನ್ನೇ ಗೋಡೆಮಾಡಿಕೊಂಡು ಕಟ್ಟಕಡೆಯವರೆಗೆ ಕಾದಾಡಿದ ಸಣ್ಣದೊಂದು ವೃತ್ತ, ಇಷ್ಟು ಚಿತ್ರಿತವಾಗಿದೆ. ಕುದುರೆಗಳ ಗೋಡೆ ನಿಜ. ಹೊಂಚು ಮಾತ್ರ ಸುಳ್ಳು. ಬೀಡು ಬಿಟ್ಟು ಹೆಂಡಿರು ಮಕ್ಕಳೊಡನೆ ಇದ್ದ ಜನರ ಮೇಲೆ ಹಗಲಿನಲ್ಲಿ ಏರಿಹೋದವನು ಕಸ್ಟರನು. 'ಹೊಂಚು' ಎಂಬ ಒಂದೇ ಶಬ್ದದಿಂದ ಏರಿಹೋದವನು ಬಲಿಯಾದವನಾಗಿ ಮಾರ್ಪಡುತ್ತಾನೆ. ಕವಿತೆಯ ಮುಂದಿನ ಕರುಣವೆಲ್ಲ ಈ ಮಾರ್ಪಾಟಿನ ಮೇಲೆಯೇ ನಿಂತಿದೆ. ಅಂದಿನ ಪತ್ರಿಕೆಗಳ ಸುದ್ದಿಯಲ್ಲಿಯೇ ಆ ಮಾತಿದ್ದಿತೆಂದು ಕವಿಯನ್ನು ಕ್ಷಮಿಸಬಹುದು. ಆದರೆ ಮುಂದೆ ಹಲವು ವರ್ಷ ಅವನು ತನ್ನ ಸಂಗ್ರಹವನ್ನು ತಿದ್ದುತ್ತಲೇ ಇದ್ದನು. ಶೀರ್ಷಿಕೆಯನ್ನು ಬದಲಿಸಿದನು, ಈ ಶಬ್ದವನ್ನು ಬದಲಿಸಲಿಲ್ಲ.

ಕತ್ತಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕವಿತೆಯ ಕಸ್ಟರನಿಗೆ ಹಾರಾಡುವ ಹೊಂಬಣ್ಣದ ಕೂದಲಿದೆ, ಕೈಯಲ್ಲಿ ಹೊಳೆಯುವ ಖಡ್ಗವಿದೆ. ವಾಸ್ತವವಾಗಿ ದಂಡಯಾತ್ರೆಗೆ ಮುಂಚೆಯೇ ಅವನು ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದನು. ರೆಜಿಮೆಂಟು ತನ್ನ ಕತ್ತಿಗಳನ್ನು ಪೌಡರ್ ನದಿಯ ಉಗ್ರಾಣದಲ್ಲಿ ಬಿಟ್ಟುಹೋಗಿತ್ತು. ಇದನ್ನೇ ಎತ್ತಿ ಹಿಡಿದು ಕವಿಯನ್ನು ಹಂಗಿಸುವ ವಿಮರ್ಶಕರುಂಟು. ಅವರು ಕವಿತೆಯನ್ನು ಸಾವಧಾನವಾಗಿ ಓದಿಲ್ಲವೆಂದು ನನಗೆ ತೋರುತ್ತದೆ. ಹಿಂದೊಮ್ಮೆ ತಾನು ಕಂಡ ಕಸ್ಟರನ ರೂಪವೆಂದು ವಿಟ್ಮನ್ನನು ಸ್ಪಷ್ಟವಾಗಿಯೇ ಹೇಳುತ್ತಾನೆ. ಅದು ಅಂತರ್ಯುದ್ಧದ ಕಾಲದ ನೆನಪು. ಆದುದರಿಂದ ಸಂಗತಿಯ ದೋಷ ಇಲ್ಲಿಲ್ಲ. ದೋಷವಿರುವುದು ಔಚಿತ್ಯದಲ್ಲಿ. ಹತ್ತು ವರ್ಷದ ಹಿಂದಿನ ಚಿತ್ರಪಟವನ್ನು ತಂದು ಇಂದಿನ ಶವದ ಮೇಲೆ ಹೊದಿಸಿದ್ದಾಗಿದೆ. ಹೊದಿಕೆಯ ಕೆಳಗೆ ಏನಿದೆಯೆಂದು ಕವಿ ನೋಡುವುದಿಲ್ಲ. ಅವನ ದೃಷ್ಟಿ ನಿಜವಾಗಿ ನೆಟ್ಟಿರುವುದು ಬೇರೆಡೆ: ಕತ್ತಲೆಯ ದಿನಗಳಲ್ಲಿ ಒಂಟಿಯಾಗಿ, ಮುನಿಸಿನಿಂದ ಕುಳಿತು ಬೆಳಕಿಗಾಗಿ ಹುಡುಕುತ್ತಿದ್ದ ತನ್ನ ಮೇಲೆ. ೧೮೭೩ರಲ್ಲಿ ಪಾರ್ಶ್ವವಾಯು ಬಡಿದು ಕ್ಯಾಮ್ಡನ್ ಊರಿನಲ್ಲಿ ದಿನ ನೂಕುತ್ತಿದ್ದ ಕವಿಗೆ, ಲಂಚದ ಕಥೆಗಳಿಂದ ಮಸುಕಾಗಿದ್ದ ಆ ಕಾಲದಲ್ಲಿ ಒಂದು ವೀರಮರಣವು ಬೇಕಾಗಿತ್ತು. ತಂತಿಯ ಸುದ್ದಿ ಅದನ್ನು ಒದಗಿಸಿತು. ಕವಿತೆಯಲ್ಲಿ ಪ್ರಾಮಾಣಿಕವಾದ ಸಾಲುಗಳೆಂದರೆ ಕವಿಯು ತನ್ನ ಮಂಕನ್ನು ಹೇಳಿಕೊಳ್ಳುವ ಆ ನಡುವಣ ಸಾಲುಗಳೇ. ಅಲ್ಲಿ ಧ್ವನಿ ತಗ್ಗುತ್ತದೆ, ಮಾತು ಮೈಗೂಡುತ್ತದೆ.

ಇದು ವಿಟ್ಮನ್ನನ ಶಕ್ತಿಯ ಮಿತಿಯಲ್ಲವೆಂಬುದಕ್ಕೆ ಅವನದೇ ಸಾಕ್ಷಿಯಿದೆ. ೧೮೬೫ರ 'ಡ್ರಮ್-ಟ್ಯಾಪ್ಸ್' ಸಂಗ್ರಹದಲ್ಲಿ ರಣಭೂಮಿಯಲ್ಲಿ ಒಂದು ರಾತ್ರಿ ಶವವನ್ನು ಕಾಯ್ದ ಕವಿತೆಯೊಂದುಂಟು. ಅದರಲ್ಲಿ ಸತ್ತ ತರುಣನಿಗೆ ಹೆಸರಿಲ್ಲ, ಖಡ್ಗವಿಲ್ಲ, ಜನಾಂಗದ ಪುರಾತನ ಕಥೆಯೂ ಇಲ್ಲ. ಕಂಬಳಿಯಿದೆ. ಆ ಕಂಬಳಿಯನ್ನು ತಲೆಯ ಮೇಲೂ ಕಾಲಿನ ಕೆಳಗೂ ಜೋಪಾನವಾಗಿ ಮಡಿಸಿ, ಬೆಳಗಿನ ಹೊತ್ತಿಗೆ ಒರಟಾಗಿ ತೋಡಿದ ಗುಂಡಿಯಲ್ಲಿ, ಬಿದ್ದ ಸ್ಥಳದಲ್ಲಿಯೇ ಹೂಳುತ್ತಾನೆ. ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಗಾಯಾಳುಗಳ ಬಳಿ ವರ್ಷಗಟ್ಟಲೆ ಕುಳಿತವನ ಕೈ ಅದು. ಅಲ್ಲಿ ಮಣ್ಣು ಕೈಗೆ ಹತ್ತುತ್ತದೆ. ಕಸ್ಟರನ ಗೀತೆಯಲ್ಲಿ ಒಂದು ಸಲಿಕೆಯ ಸದ್ದೂ ಕೇಳುವುದಿಲ್ಲ. ರನ್ನನ ದುರ್ಯೋಧನನು ಹೆಣಗಳ ನಡುವೆ ಕಾಲಿಡುತ್ತ ಒಬ್ಬೊಬ್ಬರನ್ನಾಗಿ ಗುರುತಿಸಿ ದುಃಖಿಸುವುದನ್ನು ಓದಿದ ನಮ್ಮವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂರಹತ್ತು ಜನ ಸತ್ತ ಬಯಲಿನಲ್ಲಿ ವಿಟ್ಮನ್ನನಿಗೆ ಕಂಡ ದೇಹ ಒಂದೇ.

ಐದು ವರ್ಷದ ಮೇಲೆ, ೧೮೮೧ರಲ್ಲಿ, ಜಾನ್ ಮಲ್ವನಿ ಎಂಬ ಚಿತ್ರಕಾರನು ಇದೇ ಯುದ್ಧವನ್ನು ಕುರಿತು ಬರೆದ ದೊಡ್ಡ ಪಟವನ್ನು ವಿಟ್ಮನ್ನನು ಬಹಳ ಹೊತ್ತು ನೋಡುತ್ತ ಕುಳಿತಿದ್ದನು. ಹೋಮರನಲ್ಲಿಯೂ ಷೇಕ್ಸ್‌ಪಿಯರನಲ್ಲಿಯೂ ಇಂತಹುದಿಲ್ಲವೆಂದು ತನ್ನ ಗದ್ಯಗ್ರಂಥದಲ್ಲಿ ಬರೆದನು. ಹೋಮರನಲ್ಲಿ ಹೆಕ್ಟರನ ಶವಕ್ಕಾಗಿ ಒಂದು ಸರ್ಗವೇ ಮೀಸಲಾಗಿದೆಯೆಂಬುದು ಆ ಕ್ಷಣದಲ್ಲಿ ಅವನ ನೆನಪಿಗೆ ಬಂದಂತಿಲ್ಲ.

ಶವದ ಮೇಲೆ ಹೊದಿಕೆ ಹಾಕಿದವರು ಕವಿಗಳು ಮಾತ್ರವೇ ಅಲ್ಲ. ದೇಹಗಳನ್ನು ಮೊದಲು ಕಂಡ ತುಕಡಿಯ ನಾಯಕ ಲೆಫ್ಟೆನೆಂಟ್ ಬ್ರಾಡ್ಲಿಯು ಜುಲೈ ತಿಂಗಳಲ್ಲಿಯೇ ಹೆಲೆನ ಊರಿನ ಪತ್ರಿಕೆಗೆ ಒಂದು ಪತ್ರ ಬರೆದನು. ಕಸ್ಟರನ ಮುಖವು ನಿದ್ದೆಯಲ್ಲಿ ಸವಿಗನಸು ಕಾಣುವವನ ಮುಖದಂತಿತ್ತು, ಅಂಗಚ್ಛೇದವಾದ ದೇಹಗಳು ಕೆಲವೇ ಎಂಬುದು ಅದರ ಸಾರಾಂಶ. ಕಸ್ಟರನ ಮಟ್ಟಿಗೆ ಇದು ಬಹುಪಾಲು ಸರಿಯೇ. ಅವನ ಎದೆಯಲ್ಲೊಂದು, ಕಪಾಲದಲ್ಲೊಂದು ಗುಂಡಿನ ಗಾಯವಿತ್ತು, ನೆತ್ತಿಯ ಚರ್ಮವನ್ನು ಕಿತ್ತಿರಲಿಲ್ಲ. ಆದರೆ ಅವನ ತಮ್ಮ ಟಾಮ್ ಕಸ್ಟರನ ದೇಹವನ್ನು ಹಚ್ಚೆಯ ಗುರುತಿನಿಂದ ಪತ್ತೆಮಾಡಬೇಕಾಯಿತು. ಸತ್ತವರ ಮನೆಗಳಲ್ಲಿ ಪತ್ರಿಕೆಯನ್ನು ಓದುವವರಿದ್ದರು. ಬ್ರಾಡ್ಲಿಯು ಬರೆದದ್ದು ಅವರಿಗಾಗಿ. ಇಂತಹ ಸುಳ್ಳಿನ ಮೇಲೆ ಕಠೋರವಾದ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಕಸ್ಟರನ ಹೆಂಡತಿ ಎಲಿಜಬೆತ್ ಕಸ್ಟರ್ ೧೮೮೫ರಲ್ಲಿ ಪ್ರಕಟಿಸಿದ 'ಬೂಟ್ಸ್ ಅಂಡ್ ಸ್ಯಾಡಲ್ಸ್' ಎಂಬ ಪುಸ್ತಕವನ್ನು ಇದರೊಡನೆ ಓದಬಹುದು. ಆಕೆ ತನ್ನ ಕಥನವನ್ನು ಲಿಂಕನ್ ಕೋಟೆಗೆ ಸುದ್ದಿ ಬಂದ ಜುಲೈ ೫ಕ್ಕೆ ನಿಲ್ಲಿಸಿಬಿಡುತ್ತಾಳೆ, ರಣಭೂಮಿಗೆ ಕಾಲಿಡುವುದಿಲ್ಲ. ಐವತ್ತೇಳು ವರ್ಷ ವಿಧವೆಯಾಗಿ ಬದುಕಿ, ಗಂಡನ ಕೀರ್ತಿಯನ್ನು ಕಾಯ್ದುಕೊಂಡು, ೧೯೩೩ರಲ್ಲಿ ತೀರಿಕೊಂಡ ಆಕೆಯ ಗದ್ಯದಲ್ಲಿ ಅತಿಶಯೋಕ್ತಿಗೆ ಕೊರತೆಯಿಲ್ಲ. ಆದರೆ ಆ ನಿಲುಗಡೆಯಲ್ಲಿ ಔಚಿತ್ಯವಿದೆ.

ಲಾಂಗ್‌ಫೆಲೊ ಕವಿಯ ಕವಿತೆಯ ವಿಚಾರ ಬೇರೆ. ೧೮೭೮ರ ಸಂಗ್ರಹದಲ್ಲಿ ಬಂದ ಅವನ ಕಥನಗೀತೆಯ ನಾಯಕನು ರೇನ್-ಇನ್-ದ-ಫೇಸ್ ಎಂಬ ಲಕೋಟ ವೀರ. ಟಾಮ್ ಕಸ್ಟರನು ಹಿಂದೆ ಈತನನ್ನು ಸೆರೆಹಿಡಿದಿದ್ದನು; ಅದಕ್ಕೆ ಪ್ರತೀಕಾರವಾಗಿ ಈತನು ಅವನ ಹೃದಯವನ್ನು ಕಿತ್ತನೆಂಬ ವದಂತಿ ಹಬ್ಬಿತ್ತು. ಲಾಂಗ್‌ಫೆಲೊ ಆ ವದಂತಿಯನ್ನು ಎತ್ತಿಕೊಂಡು ತಮ್ಮನ ಸ್ಥಾನದಲ್ಲಿ ಅಣ್ಣನನ್ನು ನಿಲ್ಲಿಸಿದನು, ಸತ್ತವರನ್ನು ಮುನ್ನೂರೆಂದನು, ಇವನ ಕಸ್ಟರನು ನಿಜವಾಗಿಯೂ ಆ ದಿನವೇ ಕತ್ತಿ ಹಿರಿದು ನುಗ್ಗುತ್ತಾನೆ. ಹೃದಯವನ್ನು ಎತ್ತಿ ಹಿಡಿದು ಓಡುವ ಚಿತ್ರ ಬೀಭತ್ಸಕ್ಕಾಗಿ ಇಟ್ಟದ್ದು, ಬೀಭತ್ಸವೂ ಆಗದೆ ನಾಟಕವಾಗಿದೆ. ಇಷ್ಟಾದರೂ ಕೊನೆಯ ಪದ್ಯದಲ್ಲಿ ವಿಟ್ಮನ್ನನಿಗೆ ತೋರದ ಪ್ರಶ್ನೆಯನ್ನು ಲಾಂಗ್‌ಫೆಲೊ ಕೇಳುತ್ತಾನೆ: ನ್ಯಾಯ ಯಾರದು, ಅನ್ಯಾಯ ಯಾರದು? ತಾವು ಮುರಿದ ಮಾತೇ ಈ ಹಾಳಿಗೆಲ್ಲ ಕಾರಣವೆಂದು ಒಪ್ಪಿಕೊಳ್ಳುತ್ತಾನೆ. ಸೋತ ಕವಿತೆಯಲ್ಲಿ ನೆಟ್ಟಗಿರುವ ಒಂದು ಪದ್ಯ. ಅಮೆರಿಕದ ಶಾಲೆಗಳ ಮೆಚ್ಚಿನ ಈ ಕವಿಯನ್ನು ಹಗುರವಾಗಿ ಕಾಣುವ ಅಭ್ಯಾಸವು ಇಪ್ಪತ್ತನೆಯ ಶತಮಾನದಲ್ಲಿ ಬಲವಾಯಿತು. ಈ ಒಂದು ಪ್ರಸಂಗದಲ್ಲಿ ಅವನ ಮನಸ್ಸಾಕ್ಷಿಯು ದೊಡ್ಡ ಕವಿಯದಕ್ಕಿಂತ ಎಚ್ಚರವಾಗಿತ್ತೆಂದು ಹೇಳಲೇಬೇಕು. ವಿಟಿಯರ್ ಕವಿಯು ೧೮೮೭ರಲ್ಲಿ ಇದೇ ರೇನ್-ಇನ್-ದ-ಫೇಸನು ಹ್ಯಾಂಪ್ಟನ್ನಿನ ಶಾಲೆಗೆ ಸೇರಬಯಸಿದನೆಂಬ ಸುದ್ದಿಯನ್ನು ಹಿಡಿದು ಕ್ಷಮೆಯ ಪದ್ಯವೊಂದನ್ನು ಬರೆದನು, ಉದ್ದೇಶ ಒಳ್ಳೆಯದು. ಆ ವ್ಯಕ್ತಿಯಾದರೋ ವೃದ್ಧಾಪ್ಯದಲ್ಲಿ ಚಾರ್ಲ್ಸ್ ಈಸ್ಟ್‌ಮನ್ ಎಂಬ ಡಕೋಟ ವೈದ್ಯ-ಲೇಖಕನಿಗೆ ಹೃದಯ ಕಿತ್ತ ಕಥೆಯೆಲ್ಲ ಸುಳ್ಳೆಂದನು. ಆ ಗಲಾಟೆಯಲ್ಲಿ ಆಪ್ತಮಿತ್ರರ ಗುರುತೇ ಸಿಕ್ಕುತ್ತಿರಲಿಲ್ಲವೆಂದನು.

ಹಾಗಾದರೆ ಗೆದ್ದವರು ಶವಗಳಿಗೆ ಏನು ಮಾಡಿದರು, ಏಕೆ ಮಾಡಿದರು? ಕತ್ತರಿಸಿದುದು ನಿಜ. ಅದನ್ನು ಮುಚ್ಚಿಡುವುದು ಬ್ರಾಡ್ಲಿಗೆ ಕ್ಷಮ್ಯ, ನಮಗಲ್ಲ. ಆದರೆ 'ಅನಾಗರಿಕರ ಕ್ರೌರ್ಯ' ಎಂಬ ಒಂದು ಮಾತಿನಲ್ಲಿ ಅದನ್ನು ಮುಗಿಸುವವರು ೧೮೬೪ರ ನವೆಂಬರ್ ೨೯ನ್ನು ನೆನೆಯತಕ್ಕದ್ದು. ಅಂದು ಸ್ಯಾಂಡ್ ಕ್ರೀಕಿನಲ್ಲಿ ಕೊಲರಾಡೋವಿನ ಸೈನಿಕರು ಷಾಯೆನ್ ಮತ್ತು ಅರಪಾಹೊ ಜನರನ್ನು ಕೊಂದು ಹೆಂಗಸರ ದೇಹಗಳನ್ನೂ ಕತ್ತರಿಸಿದರೆಂಬುದು ಅಮೆರಿಕದ ಶಾಸನಸಭೆಯ ವಿಚಾರಣೆಯಲ್ಲಿಯೇ ದಾಖಲಾಯಿತು. ೧೮೬೦ರ ದಶಕದ ಕೊನೆಗೆ ಸೇನೆಯ ವೈದ್ಯಶಾಖೆಯು ಮೂಲನಿವಾಸಿಗಳ ತಲೆಬುರುಡೆಗಳನ್ನು ಸೇನಾ ವೈದ್ಯಕೀಯ ಸಂಗ್ರಹಾಲಯಕ್ಕೆ ಕಳುಹಿಸುವಂತೆ ಗಡಿಯ ವೈದ್ಯರನ್ನು ಕೇಳಿಕೊಂಡಿತು. ಇಂತಹ ಅಸ್ಥಿಗಳನ್ನು ವಂಶಸ್ಥರಿಗೆ ಹಿಂದಿರುಗಿಸಬೇಕೆಂಬ ಕಾಯಿದೆ ಬಂದದ್ದು ೧೯೯೦ರಲ್ಲಿ.

ಷಾಯೆನ್ ಹೆಂಗಸು ಕೇಟ್ ಬಿಗ್‌ಹೆಡ್ ಹೇಳಿದ ಕಥೆಯನ್ನು ತಾಮಸ್ ಮಾರ್ಕ್ವಿಸ್ ಎಂಬ ವೈದ್ಯನು ಬರೆದುಕೊಂಡು ೧೯೩೩ರಲ್ಲಿ ಪ್ರಕಟಿಸಿದನು. ವಾಷಿಟ ನದಿಯ ದಾಳಿಯ ಮರುವರ್ಷ, ೧೮೬೯ರಲ್ಲಿ, ಕಸ್ಟರನು ಷಾಯೆನ್ ಹಿರಿಯರೊಡನೆ ಶಾಂತಿಯ ಕೊಳವೆಯನ್ನು ಸೇದಿ ಇನ್ನು ಅವರೊಡನೆ ಕಾದುವುದಿಲ್ಲವೆಂದು ಮಾತುಕೊಟ್ಟಿದ್ದನಂತೆ. ಲಿಟ್ಲ್ ಬಿಗ್‌ಹಾರ್ನಿನಲ್ಲಿ ಅವನ ಶವವನ್ನು ಗುರುತಿಸಿದ ಇಬ್ಬರು ಹೆಂಗಸರು ಹೊಲಿಗೆಯ ದಬ್ಬಳವನ್ನು ಅವನ ಎರಡು ಕಿವಿಗಳಲ್ಲಿಯೂ ಚುಚ್ಚಿದರು: ಇಲ್ಲಿ ಕೇಳಿಸಿಕೊಳ್ಳದವನು ಪರಲೋಕದಲ್ಲಾದರೂ ಚೆನ್ನಾಗಿ ಕೇಳಿಸಿಕೊಳ್ಳಲಿ ಎಂದು. ಸೇನೆಯ ಸಾಕ್ಷಿಗಳು ಇದನ್ನು ಹೇಳುವುದಿಲ್ಲ; ಚರಿತ್ರಕಾರನು ಸಂದೇಹಪಡುವುದು ಸರಿಯೇ. ಸಾಹಿತ್ಯವೆಂದು ನೋಡಿದಾಗ ಮಾತ್ರ, ಕಸ್ಟರನ ಶವವನ್ನು ಕುರಿತು ಹುಟ್ಟಿದ ಎಲ್ಲ ಕಥೆಗಳಲ್ಲಿ ಇದೇ ಶ್ರೇಷ್ಠವೆಂದು ನಾನು ಎಣಿಸುತ್ತೇನೆ. ಇಲ್ಲಿ ದೇಹವು ಜಯದ ಕುರುಹಲ್ಲ, ವೀರದ ಪ್ರತಿಮೆಯೂ ಅಲ್ಲ. ಮಾತು ತಪ್ಪಿದವನ ಕಿವಿ. ಲಾಂಗ್‌ಫೆಲೊ ಒಂದು ಪದ್ಯವಿಟ್ಟು ಹೇಳಿದುದನ್ನು ಒಂದು ದಬ್ಬಳ ಹೇಳುತ್ತದೆ.

ಇನ್ನೊಂದು ಕೃತಿಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಅದು ಅಕ್ಷರದ್ದಲ್ಲ. ಯುದ್ಧದಲ್ಲಿದ್ದ ಮಿನಿಕೊಂಜು ಲಕೋಟ ನಾಯಕ ರೆಡ್ ಹಾರ್ಸನು ೧೮೮೧ರಲ್ಲಿ, ಮೆಕ್‌ಚೆಸ್ನಿ ಎಂಬ ಸೇನಾವೈದ್ಯನ ಕೋರಿಕೆಯಂತೆ, ತನ್ನ ನೆನಪನ್ನು ಬಣ್ಣದ ಕಡ್ಡಿಗಳಿಂದ ೪೨ ಹಾಳೆಗಳಲ್ಲಿ ಚಿತ್ರಿಸಿಕೊಟ್ಟನು. ಗ್ಯಾರಿಕ್ ಮ್ಯಾಲರಿಯ ೧೮೯೩ರ ವರದಿಯಲ್ಲಿ ಅವುಗಳಲ್ಲಿ ಕೆಲವು ಅಚ್ಚಾದುವು. ಮೂಲಹಾಳೆಗಳು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿವೆ. ಕೆಲವು ಹಾಳೆಗಳಲ್ಲಿ ಸತ್ತ ಸಿಪಾಯಿಗಳು ಮಾತ್ರ. ಕೆಲವರ ಮೈಮೇಲೆ ನೀಲಿಯ ಸಮವಸ್ತ್ರವಿದೆ, ಕೆಲವರು ಬೆತ್ತಲೆ. ಕಡಿದ ಕೈ, ಕಡಿದ ಕಾಲು, ಬೇರೆ ಬಿದ್ದ ತಲೆ. ಗಾಯದಿಂದ ಸುರಿದ ಕೆಂಪು. ದಿಗಂತವಿಲ್ಲ, ಬೆಟ್ಟವಿಲ್ಲ, ಆಕಾಶವಿಲ್ಲ. ಬೇರೆ ಹಾಳೆಗಳಲ್ಲಿ ಸತ್ತ ಕುದುರೆಗಳು, ಒಂದೊಂದಕ್ಕೂ ಅದರದರ ಬಣ್ಣ. ಇನ್ನು ಕೆಲವು ಹಾಳೆಗಳಲ್ಲಿ ಅವನ ಕಡೆಯ ಸತ್ತವರು, ಗರಿಯ ಶಿರೋವೇಷದೊಡನೆ, ಅದೇ ಕೆಂಪಿನೊಡನೆ. ಕಸ್ಟರನನ್ನು ಬೇರೆಯಾಗಿ ಎತ್ತಿ ತೋರಿಸುವ ಹಾಳೆ ಇದರಲ್ಲಿಲ್ಲ. ವಿಟ್ಮನ್ನನಿಗೆ ಒಬ್ಬನೇ ಕಂಡ ಬಯಲಿನಲ್ಲಿ ಈತನಿಗೆ ಎಲ್ಲರೂ ಕಾಣುತ್ತಾರೆ. ತನ್ನವರು ಕತ್ತರಿಸಿದುದನ್ನು ಅವನು ಮರೆಮಾಡಲಿಲ್ಲ, ಮೆರೆಸಲೂ ಇಲ್ಲ.

ಕವಿಯು ಗುಮಾಸ್ತನಲ್ಲ, ಹೆಣಗಳ ಲೆಕ್ಕವಿಡುವುದು ಅವನ ಕೆಲಸವಲ್ಲವೆಂದು ಇಲ್ಲಿ ಆಕ್ಷೇಪಿಸಬಹುದು. ಒಪ್ಪತಕ್ಕ ಮಾತು. ಆದರೆ ರೆಡ್ ಹಾರ್ಸನ ಹಾಳೆಗಳಲ್ಲಿ ಲೆಕ್ಕವೇ ಕರುಣವಾಗಿದೆ. ಒಂದೇ ಬಗೆಯ ದೇಹ ಮತ್ತೆ ಮತ್ತೆ ಬಂದು ನೋಡುವವನ ಕಣ್ಣು ದಣಿಯುವಾಗ ಸಂಖ್ಯೆಯು ಭಾವವಾಗಿ ತಿರುಗುತ್ತದೆ. ಸ್ಥಾಯಿಯನ್ನು ಹೆಸರಿಟ್ಟು ಕರೆದರೆ ರಸವಾಗದೆಂದು ಆಲಂಕಾರಿಕರು ಹೇಳಿದ್ದಾರೆ. ವಿಟ್ಮನ್ನನು 'ವೀರ'ವನ್ನು ಹೆಸರಿಟ್ಟು ಕರೆದನು, ಈ ಚಿತ್ರಕಾರನು ಏನನ್ನೂ ಕರೆಯಲಿಲ್ಲ.

ಹೂತ ಎಲುಬುಗಳ ಮುಂದಿನ ಕಥೆಯೂ ಒಂದು ಬಗೆಯ ಪಾಠಾಂತರಗಳ ಕಥೆಯೇ. ೧೮೭೭ರ ಬೇಸಗೆಯಲ್ಲಿ ಮೈಕೇಲ್ ಷೆರಿಡನ್ನನು ಗೂಟಗಳನ್ನು ಹುಡುಕಿಕೊಂಡು ಹೋಗಿ ಅಧಿಕಾರಿಗಳ ಅಸ್ಥಿಗಳನ್ನು ತೆಗೆಸಿದನು. ಮಳೆಗೂ ತೋಳಗಳಿಗೂ ಸಿಕ್ಕಿದ್ದ ನೆಲವದು. ವೆಸ್ಟ್ ಪಾಯಿಂಟಿನಲ್ಲಿ ಅಕ್ಟೋಬರ್ ೧೦ರಂದು ಸೇನಾಮರ್ಯಾದೆಯೊಡನೆ ಹೂಳಿದ ಎಲುಬುಗಳು ಕಸ್ಟರನವೇ ಹೌದೋ ಎಂಬ ಸಂದೇಹ ಅಂದಿನಿಂದಲೂ ಇದೆ. ಸಿಪಾಯಿಗಳ ಎಲುಬು ಅಲ್ಲಿಯೇ ಉಳಿಯಿತು. ೧೮೭೯ರಲ್ಲಿ ಚದುರಿದ ಕುದುರೆಯ ಎಲುಬುಗಳನ್ನು ಕೂಡಿಸಿ ಕಟ್ಟಿಗೆಯ ಸ್ಮಾರಕ ಕಟ್ಟಿದರು. ೧೮೮೧ರಲ್ಲಿ ಹೆಸರುಗಳನ್ನು ಕೆತ್ತಿದ ಕಗ್ಗಲ್ಲಿನ ಸ್ತಂಭವನ್ನು ನಿಲ್ಲಿಸಿ ಅದರ ಬುಡದಲ್ಲಿ ಸಿಪಾಯಿಗಳನ್ನು ಒಟ್ಟಾಗಿ ಹೂಳಿದರು. ೧೮೯೦ರಲ್ಲಿ ಬಿದ್ದ ಸ್ಥಳಗಳಲ್ಲಿ ಬಿಳಿಯ ಕಲ್ಲುಗಳನ್ನು ನೆಟ್ಟಾಗ, ಸುಮಾರು ೨೧೦ ಜನ ಸತ್ತ ಬಯಲಿನಲ್ಲಿ ೨೫೦ರ ಹತ್ತಿರದ ಕಲ್ಲುಗಳೆದ್ದವು. ರೀನೋವಿನ ತುಕಡಿಯಲ್ಲಿ ಸತ್ತವರಿಗಾಗಿ ಬಂದ ಕಲ್ಲುಗಳೂ ಅಲ್ಲಿಯೇ ಸೇರಿಹೋಗಿದ್ದವು. ೧೯೮೩ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದ ಮೇಲೆ ಅಗೆದು ನೋಡಿದ ಪುರಾತತ್ತ್ವಜ್ಞರಿಗೆ, ಜೋಡಿಯಾಗಿ ನಿಂತ ಕಲ್ಲುಗಳ ಕೆಳಗೆ ಹಲವೆಡೆ ಒಬ್ಬನೇ ಮನುಷ್ಯನ ಎಲುಬಿನ ಚೂರುಗಳು ಕಂಡವು.

ಗೆದ್ದವರ ಸತ್ತವರಿಗೆ ಕಲ್ಲಿರಲಿಲ್ಲ. ಅವರನ್ನು ನೆಂಟರು ಕುದುರೆಯ ಮೇಲೆ ಸಾಗಿಸಿ ಬೆಟ್ಟದ ಸಂದುಗಳಲ್ಲಿಯೂ ಮರದ ಅಟ್ಟಗಳ ಮೇಲೆಯೂ ಮಲಗಿಸಿದ್ದರು. ಬೀಡಿನಲ್ಲಿ ಡೇರೆಗಳೊಳಗೆ ಅಲಂಕರಿಸಿ ಬಿಟ್ಟುಹೋಗಿದ್ದವರನ್ನು ೨೭ರಂದು ಬಂದ ಸೈನಿಕರು ಕಂಡರು. ಷಾಯೆನ್ ವೀರರು ಬಿದ್ದ ಸ್ಥಳದಲ್ಲಿ ಕೆಂಪು ಕಲ್ಲುಗಳನ್ನು ನೆಡಲು ಮೊದಲಾದದ್ದು ೧೯೯೯ರಲ್ಲಿ. ಬಯಲಿಗೆ ಅಂಟಿದ್ದ ಕಸ್ಟರನ ಹೆಸರನ್ನು ೧೯೯೧ರಲ್ಲಿ ತೆಗೆದು ನದಿಯ ಹೆಸರನ್ನಿಟ್ಟರು. ಮೂಲನಿವಾಸಿಗಳ ಸ್ಮಾರಕವು ೨೦೦೩ರಲ್ಲಿ ತೆರೆಯಿತು.

ಬ್ರಾಡ್ಲಿಯ ವಿಷಯದಲ್ಲಿ ಒಂದು ಮಾತು ಉಳಿದಿದೆ. ಸತ್ತವರ ಮುಖಗಳನ್ನು ಅಷ್ಟು ಮೃದುವಾಗಿ ವರ್ಣಿಸಿದ ಈ ಅಧಿಕಾರಿಯು ಮರುವರ್ಷ, ೧೮೭೭ರ ಆಗಸ್ಟ್ ೯ರಂದು, ಬಿಗ್ ಹೋಲ್ ನದಿಯ ದಡದಲ್ಲಿ ನೆ ಪರ್ಸ್ ಜನರ ಬೀಡಿನ ಮೇಲೆ ನಡೆದ ನಸುಕಿನ ದಾಳಿಯಲ್ಲಿ ಸತ್ತನು. ಆ ಬೀಡಿನ ನಾಯಕರಲ್ಲೊಬ್ಬನಾದ ಜೋಸೆಫನ ಹೇಳಿಕೆಯು ೧೮೭೯ರಲ್ಲಿ 'ನಾರ್ತ್ ಅಮೆರಿಕನ್ ರಿವ್ಯೂ' ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಅವನು, ತನ್ನ ಜನರು ಶತ್ರುಗಳ ನೆತ್ತಿಯ ಚರ್ಮವನ್ನು ಕೀಳುವವರಲ್ಲವೆಂದೂ, ತಾವು ಹೂತುಬಂದ ತಮ್ಮವರನ್ನು ಜನರಲ್ ಹೋವರ್ಡನ ಬೇಹಿನವರು ಅಗೆದು ತೆಗೆದು ನೆತ್ತಿ ಕಿತ್ತರೆಂದೂ ಹೇಳುತ್ತಾನೆ. ಅಷ್ಟು ಹೇಳಿ, ಆ ನಾಚಿಕೆಗೆಟ್ಟ ಕೆಲಸಕ್ಕೆ ಹೋವರ್ಡನು ಅಪ್ಪಣೆ ಕೊಟ್ಟಿರಲಿಲ್ಲವೆಂದು ತಾನು ಕೇಳಿದ್ದೇನೆಂದೂ ಸೇರಿಸುತ್ತಾನೆ.